ವಾರ್ಡಿಗೆ ಇಳಿಯುವ ಬಯೋಮೆಡಿಕಲ್ ವಿದ್ಯಾರ್ಥಿಗಳಿಗೆ: ಮೊದಲು ಇಸಿಜಿ ಕಲಿಯಿರಿ

ದಾವಣಗೆರೆಯಲ್ಲಿ ಓದುವವರಿಗೆ ಆಸ್ಪತ್ರೆ ದೂರವಿಲ್ಲ. ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಜೆಜೆಎಂ, ಎಸ್‌ಎಸ್ ವೈದ್ಯಕೀಯ ಕಾಲೇಜುಗಳಿವೆ. ಆದರೆ ಎರಡು ವಾರ ವಾರ್ಡಿನಲ್ಲಿ ಓಡಾಡಿ ಯಂತ್ರಗಳ ಕಂಪನಿ, ಮಾಡೆಲ್ ನಂಬರ್ ಬರೆದುಕೊಂಡು ಬಂದರೆ ಏನೂ ಕಲಿತಂತಲ್ಲ. ಯಂತ್ರ ರೋಗಿಯ ಮೈಗೆ ತಾಗುವ ಜಾಗ ನೋಡಿ. ದೂರುಗಳು ಹೆಚ್ಚಾಗಿ ಹುಟ್ಟುವುದು ಅಲ್ಲೇ: ಎಲೆಕ್ಟ್ರೋಡು, ಕೇಬಲ್ಲು, ಪ್ಲಗ್ಗು.

ತಯಾರಿ ಆರು ತಿಂಗಳ ಮೊದಲೇ ಶುರುವಾಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸುಗಳು 0, 1, 6ನೇ ತಿಂಗಳಿಗೆ ಬರುತ್ತವೆ. ಹೊರಡುವ ವಾರ ನೆನಪಾದರೆ ಮುಗಿಯುವುದಿಲ್ಲ. ಒಪ್ಪಿಗೆ ಪತ್ರದಲ್ಲಿ ಯಾವ ವಾರ್ಡು, ಎಷ್ಟು ಹೊತ್ತಿಗೆ, ಏನನ್ನು ಮುಟ್ಟುತ್ತೀರಿ, ಏನನ್ನು ಮುಟ್ಟುವುದಿಲ್ಲ ಎಂದು ಬರೆಯಿರಿ. ‘ವೀಕ್ಷಣೆಗೆ ಅವಕಾಶ ಕೊಡಿ’ ಎಂದಷ್ಟೇ ಇದ್ದರೆ ಬಾಗಿಲ ಬಳಿ ನಿಂತು ವಾಪಸ್ ಬರುತ್ತೀರಿ. ಒಂದು ತಂಡಕ್ಕೆ ಮೂವರು ಸಾಕು. ಬೆರಳು ಮುಚ್ಚುವ ಶೂ ಇರಲಿ, ಉಂಗುರ, ವಾಚು ಬೇಡ. ರೋಗಿಯ ಮುಖ, ಕೇಸ್ ಶೀಟು ಫೋಟೊದಲ್ಲಿ ಬರಲೇಬಾರದು. ಶಿಫ್ಟ್ ಬದಲಾಗುವ ಹೊತ್ತಿನಲ್ಲಿ ಸಿಸ್ಟರನ್ನು ಪ್ರಶ್ನೆ ಕೇಳಬೇಡಿ, ಆಗ ಅವರ ತಲೆಯಲ್ಲಿ ಇಡೀ ವಾರ್ಡು ಇರುತ್ತದೆ.

ಮೊದಲ ಮೂರು ದಿನ ಇಸಿಜಿ ಕೋಣೆಯಲ್ಲೇ ಕಳೆಯಿರಿ. ತಂತ್ರಜ್ಞರು ಎಲೆಕ್ಟ್ರೋಡ್ ಹಾಕುವುದನ್ನು ನೋಡಿ, ಅವರು ಹೇಳಿದ ಮೇಲಷ್ಟೇ ಕೈ ಹಾಕಿ. ಜಗಳೂರು ಕಡೆಯಿಂದ ಬಂದ ಅಜ್ಜ ತಂತಿಗಳನ್ನು ಕಂಡು ಕರೆಂಟು ಹೊಡೆಯುತ್ತದೆಂದು ಹೆದರುತ್ತಾರೆ. ‘ಅಜ್ಜಾ, ನಿಮ್ಮ ಎದೆ ಬಡಿತ ಕಾಗದದ ಮೇಲೆ ಬರಿಸ್ತೀವಿ ಅಷ್ಟೆ, ನೋವಾಗಲ್ಲ’ ಎನ್ನಿ. ಇದು ಬರೀ ಸೌಜನ್ಯವಲ್ಲ. ಹೆದರಿ ಬಿಗಿಯಾದ ಸ್ನಾಯುವಿನ ನಡುಕವೂ ಇಸಿಜಿ ಕಾಗದದ ಪಟ್ಟಿಯ ಮೇಲೆ ಬರುತ್ತದೆ.

ಪಟ್ಟಿ ಕೈಗೆ ಬಂದ ಕೂಡಲೇ ಅಳತೆಯ ಪ್ರಮಾಣ ತೋರಿಸುವ ಕ್ಯಾಲಿಬ್ರೇಷನ್ ಗುರುತು ನೋಡಿ: 1 ಮಿಲಿವೋಲ್ಟಿಗೆ 10 ಮಿ.ಮೀ. ಎತ್ತರ, ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ. ಆಮೇಲೆ ಗೆರೆ ದಪ್ಪಗೆ, ಗರಗಸದ ಹಲ್ಲಿನಂತೆ ಕಂಡರೆ ಹಲ್ಲುಗಳನ್ನು ಎಣಿಸಿ. ಒಂದು ದೊಡ್ಡ ಚೌಕ 0.2 ಸೆಕೆಂಡು. ಅದರಲ್ಲಿ ಸರಿಯಾಗಿ ಹತ್ತು ಹಲ್ಲಿದ್ದರೆ ಅದು ನಮ್ಮ ಮನೆ ಕರೆಂಟಿನ 50 ಹರ್ಟ್ಸ್. ಲೆಕ್ಕಕ್ಕೆ ಸಿಗದೆ ಅಡ್ಡಾದಿಡ್ಡಿ ಇದ್ದರೆ ಸ್ನಾಯು. ಗೆರೆ ಇಡಿಯಾಗಿ ನಿಧಾನಕ್ಕೆ ಏರಿಳಿದರೆ ಉಸಿರಾಟ, ಇಲ್ಲವೇ ಸಡಿಲ ಎಲೆಕ್ಟ್ರೋಡು.

ಗೆರೆ ಕೆಡಿಸುವ ಈ ಗದ್ದಲ ಎಲ್ಲಿಂದ ಬರುತ್ತಿದೆ ಎಂಬುದನ್ನೂ ಪಟ್ಟಿಯೇ ಹೇಳುತ್ತದೆ. ಲೀಡ್ ಎಂದರೆ ಎಲೆಕ್ಟ್ರೋಡುಗಳ ನಡುವೆ ಅಳೆದು ಬರೆಯುವ ಒಂದೊಂದು ಗೆರೆ. ಲೀಡ್ 1 ಮತ್ತು 2 ಕೆಟ್ಟು 3 ಚೆನ್ನಾಗಿದ್ದರೆ ಬಲಗೈ, ಅಂದರೆ ಕೆಂಪು ತಂತಿ. 1 ಮತ್ತು 3 ಆದರೆ ಎಡಗೈ ಹಳದಿ. 2 ಮತ್ತು 3 ಆದರೆ ಎಡಗಾಲು ಹಸಿರು. ಎಲ್ಲ ಲೀಡುಗಳೂ ಕೆಟ್ಟಿದ್ದರೆ ಬಲಗಾಲಿನ ಕಪ್ಪು ತಂತಿ ನೋಡಿ. ಹಾಗೆ ಹಿಡಿದ ಜಾಗದಲ್ಲಿ ಜೆಲ್ ಒಣಗಿದೆಯೇ, ಎಣ್ಣೆ ಹಚ್ಚಿದ ಚರ್ಮವೇ, ಕ್ಲಿಪ್ಪಿನಲ್ಲಿ ತುಕ್ಕು ಇದೆಯೇ, ಕೇಬಲ್ಲು ಪವರ್ ಕಾರ್ಡಿನ ಪಕ್ಕದಲ್ಲೇ ಮಲಗಿದೆಯೇ ನೋಡಿ. ಇಷ್ಟೆಲ್ಲ ಮಾಡುವ ಮುನ್ನವೇ ಗದ್ದಲ ಸೋಸುವ ಫಿಲ್ಟರ್ ಗುಂಡಿ ಒತ್ತುವುದು ಕೆಟ್ಟ ಅಭ್ಯಾಸ. ದೋಷ ಹೋಗುವುದಿಲ್ಲ, ಮರೆಯಾಗುತ್ತದೆ. ಲೀಡ್ 1 ತಲೆಕೆಳಗಾಗಿ, ಬಲಗೈ ಕಡೆಯ ಲೀಡ್ ಆದ ಎವಿಆರ್ ನೆಟ್ಟಗೆ ನಿಂತಿದ್ದರೆ ಕೆಂಪು, ಹಳದಿ ಅದಲುಬದಲಾಗಿರುವ ಸಂಭವವೇ ಹೆಚ್ಚು. ತಂತ್ರಜ್ಞರಿಗೆ ತಕ್ಷಣ ಹೇಳಿ, ಆ ಪಟ್ಟಿ ಡಾಕ್ಟರ ಕೈಗೆ ಹೋಗಬಾರದು.

ಮಧ್ಯಾಹ್ನದ ಹೊತ್ತನ್ನು ಆಸ್ಪತ್ರೆಯ ರಿಪೇರಿ ವಿಭಾಗಕ್ಕೆ ಇಡಿ. ಅಲ್ಲಿ ವಿದ್ಯುತ್ ಸುರಕ್ಷತೆ ಪರೀಕ್ಷಿಸುವ ಸೇಫ್ಟಿ ಅನಲೈಸರ್ ಇದ್ದರೆ ರೋಗಿಗೆ ಜೋಡಿಸದ ಯಂತ್ರದ ಲೀಕೇಜ್, ಅಂದರೆ ಸೋರುವ ಕರೆಂಟು, ಅಳೆಯಿರಿ. ಯಂತ್ರದ ಮೇಲೆ ಹೃದಯದ ಚಿಹ್ನೆಯಿದ್ದರೆ ಅದು ಸಿಎಫ್, ಅಂದರೆ ಹೃದಯಕ್ಕೆ ನೇರ ತಾಗಬಹುದಾದ ಯಂತ್ರಗಳ ದರ್ಜೆ: ಮಾಮೂಲಿ ಸ್ಥಿತಿಯಲ್ಲಿ ರೋಗಿಗೆ ಹರಿಯುವ ಲೀಕೇಜ್ 10 ಮೈಕ್ರೋ ಆಂಪಿಯರ್ ದಾಟಬಾರದು. ಮನುಷ್ಯಾಕೃತಿಯ ಸುತ್ತ ಚೌಕವಿದ್ದರೆ ಬಿಎಫ್, ಅಂದರೆ ಮೈಗೆ ತಾಗುವ ಯಂತ್ರಗಳ ದರ್ಜೆ, ಮಿತಿ 100. ಅರ್ಥ್ ತಂತಿಯ ರೋಧ ಅಳೆಯುವಾಗ ಕಾರ್ಡನ್ನು ಪ್ಲಗ್ಗಿನ ಬುಡದಲ್ಲಿ ಅಲುಗಾಡಿಸಿ. ಅಂಕಿ ಜಿಗಿದರೆ ಒಳಗೆ ಎಳೆಗಳು ತುಂಡಾಗಿವೆ. ಸುಮ್ಮನೆ ಇಟ್ಟು ಅಳೆದರೆ ಇದು ಗೊತ್ತೇ ಆಗುವುದಿಲ್ಲ.

ಔಷಧಿಯನ್ನು ನಿಧಾನಕ್ಕೆ ತಳ್ಳುವ ಸಿರಿಂಜ್ ಪಂಪಿನ ಪರೀಕ್ಷೆ ಸುಲಭ. ನೀರು ತುಂಬಿ, ಗಂಟೆಗೆ 60 ಮಿ.ಲೀ. ಇಟ್ಟು, 30 ನಿಮಿಷ ಲೋಟಕ್ಕೆ ಬಿಟ್ಟು ತೂಗಿ. 30 ಗ್ರಾಂ ಹತ್ತಿರ ಬರಬೇಕು. ತೀರಾ ಹೆಚ್ಚುಕಡಿಮೆಯಾದರೆ ಪಂಪು ಬಿಚ್ಚುವ ಮೊದಲು ಮೆನುವಿನಲ್ಲಿ ಸಿರಿಂಜಿನ ಕಂಪನಿ ನೋಡಿ. ಪಂಪು ಅಳೆಯುವುದು ಪಿಸ್ಟನ್ ಸರಿದ ದೂರವನ್ನು. ಕೊಳವೆಯ ಒಳವ್ಯಾಸ ಬೇರೆಯಾದರೆ ಔಷಧಿಯ ಪ್ರಮಾಣವೇ ಬೇರೆ.

ದಿನಕ್ಕೊಂದು ತೊಂದರೆಯನ್ನು ಪುಸ್ತಕದಲ್ಲಿ ಬರೆಯಿರಿ: ಯಾರಿಗೆ, ಯಾವ ಕೆಲಸದಲ್ಲಿ, ಎಷ್ಟು ಸಲ, ಈಗ ಅವರು ಹೇಗೆ ನಿಭಾಯಿಸುತ್ತಿದ್ದಾರೆ. ‘ಅಲಾರಂ ಸರಿಯಿಲ್ಲ’ ಎಂದರೆ ಸಾಲದು. ‘ಆಮ್ಲಜನಕ ಅಳೆಯುವ ಬೆರಳಿನ ಪ್ರೋಬ್ ಜಾರಿ ಅಲಾರಂ ಆಗುತ್ತದೆ, ಸಿಸ್ಟರ್ ಅದನ್ನು ಪ್ಲಾಸ್ಟರ್ ಹಾಕಿ ಅಂಟಿಸುತ್ತಾರೆ’ ಎಂದರೆ ಅಲ್ಲೊಂದು ಪ್ರಾಜೆಕ್ಟ್ ಇದೆ. ಲೆಕ್ಚರರಿಗೆ ಕೊಡುವ ಮೊದಲು ಆ ಪುಟವನ್ನು ಅದೇ ಸಿಸ್ಟರಿಗೆ ಓದಿ ಹೇಳಿ, ಅವರು ತಿದ್ದಿದ್ದನ್ನು ಹಾಗೆಯೇ ಉಳಿಸಿಕೊಳ್ಳಿ.