ಹಿಮ ಎರಡೇ ಇಂಚು ಎಂದು ಮೈಮರೆಯಬೇಡಿ

ಕೆನಡಾದ ಆಲ್ಬರ್ಟಾ ಪ್ರಾಂತ್ಯದಲ್ಲಿ, ರಾಕಿ ಪರ್ವತಗಳ ಪೂರ್ವ ಮಗ್ಗುಲಲ್ಲಿ ಹುಟ್ಟಿ ಆಗ್ನೇಯಕ್ಕೆ ಓಡುವ ಚಳಿಗಾಲದ ಬಿರುಗಾಳಿಗೆ ಅಲ್ಲಿನವರು 'ಆಲ್ಬರ್ಟಾ ಕ್ಲಿಪರ್' ಎನ್ನುತ್ತಾರೆ. ಕ್ಲಿಪರ್ ಎಂದರೆ 19ನೇ ಶತಮಾನದ ವೇಗದ ಹಾಯಿಹಡಗು. ಹೆಸರಿಗೆ ತಕ್ಕ ಓಟ ಇದರದು. ಒಂದೆರಡು ದಿನದಲ್ಲಿ ಗ್ರೇಟ್ ಲೇಕ್ಸ್ ಎಂಬ ಮಹಾಸರೋವರಗಳನ್ನು ದಾಟಿ ಅಮೆರಿಕದ ಈಶಾನ್ಯ ರಾಜ್ಯಗಳನ್ನು ತಲುಪಿರುತ್ತದೆ. ಪಕ್ಕದ ಪ್ರಾಂತ್ಯಗಳಲ್ಲಿ ಹುಟ್ಟಿದ್ದಕ್ಕೆ 'ಸಸ್ಕಾಚೆವಾನ್ ಸ್ಕ್ರೀಮರ್', 'ಮ್ಯಾನಿಟೋಬಾ ಮಾಲರ್' ಎಂಬ ಹೆಸರುಗಳಿವೆ. ಹವಾಮಾನದವರಿಗೂ ಪ್ರಾಸದ ಚಪಲ ಬಿಟ್ಟಿಲ್ಲ!

ಪೆಸಿಫಿಕ್ ಕಡೆಯ ಗಾಳಿ ಬೆಟ್ಟ ಹತ್ತುವಾಗಲೇ ತೇವ ಕಳೆದುಕೊಳ್ಳುವುದರಿಂದ ಕ್ಲಿಪರ್ ಸುರಿಸುವ ಹಿಮ ಸಾಮಾನ್ಯವಾಗಿ 1ರಿಂದ 3 ಇಂಚು ಮಾತ್ರ. ಜನ ಮೋಸಹೋಗುವುದು ಇಲ್ಲೇ. ಈ ಹಿಮ ಒಣ ಪುಡಿ. ಕೈಯಲ್ಲಿ ಉಂಡೆ ಕಟ್ಟಲು ಹೋದರೆ ಬೆರಳ ಸಂದಿಯಲ್ಲಿ ಉದುರಿಹೋಗುತ್ತದೆ. ಬಿದ್ದದ್ದು ಬಿದ್ದಲ್ಲೇ ಇರುವುದಿಲ್ಲ, ಗಾಳಿ ಎಬ್ಬಿಸಿದರೆ ಮುಂದಿನ ಕಾರಿನ ಕೆಂಪು ದೀಪವೂ ಕಾಣದು.

ಮೊದಲು ಮುನ್ಸೂಚನೆ ಓದಿ. ಇಂಚಿನ ಲೆಕ್ಕಕ್ಕಿಂತ ಮುಂಚೆ ಗಾಳಿಯ ವೇಗ ಮತ್ತು 'ವಿಂಡ್ ಚಿಲ್' ನೋಡಿ. ಮೈನಸ್ 18 ಡಿಗ್ರಿ ಸೆಲ್ಸಿಯಸ್ ಚಳಿಗೆ ಗಂಟೆಗೆ 24 ಕಿ.ಮೀ. ಗಾಳಿ ಸೇರಿದರೆ ಮೈಗೆ ತಟ್ಟುವುದು ಮೈನಸ್ 28ರ ಚಳಿ. ಮುಚ್ಚದೆ ಬಿಟ್ಟ ಕಿವಿ, ಬೆರಳು ಅರ್ಧ ಗಂಟೆಯಲ್ಲಿ ಮರಗಟ್ಟಬಹುದು. ಹವಾಮಾನ ಇಲಾಖೆಯ ಸೂಚನೆಯಲ್ಲಿ 'ವಾಚ್' ಎಂದರೆ ಸಾಧ್ಯತೆ ಇದೆ, 'ವಾರ್ನಿಂಗ್' ಎಂದರೆ ಬಂತು ಅಥವಾ ಬರುವುದು ಬಹುತೇಕ ಖಚಿತ. ಕ್ಲಿಪರ್ ವಿಷಯದಲ್ಲಿ ಇವೆರಡರ ನಡುವೆ ಸಿಗುವ ಸಮಯ ಕಡಿಮೆ. ಆದ್ದರಿಂದ 'ವಾಚ್' ಬಂದಾಗಲೇ ಕೆಲಸ ಶುರುಮಾಡಿ.

ಮನೆಯಲ್ಲಿ: ಟಾರ್ಚು, ಬ್ಯಾಟರಿ, ಔಷಧ, ಕುಡಿಯುವ ನೀರು, ಒಲೆ ಹಚ್ಚದೆ ತಿನ್ನಬಹುದಾದ ಆಹಾರ. ಫೋನ್ ಚಾರ್ಜ್ ಮಾಡಿಕೊಳ್ಳಿ. ಜನರೇಟರ್ ಇದ್ದರೆ ಮನೆಯಿಂದ ಕನಿಷ್ಠ 20 ಅಡಿ ದೂರ, ಬಯಲಿನಲ್ಲಿರಲಿ. ಗ್ಯಾರೇಜಿನ ಬಾಗಿಲು ತೆರೆದಿದೆಯಲ್ಲ ಎಂಬ ಸಮಾಧಾನ ಸಾಲದು. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.

ಕಾರಿನಲ್ಲಿ: ಕಂಬಳಿ, ಸಣ್ಣ ಸಲಿಕೆ, ಗಾಜು ಕೆರೆಯುವ ಸ್ಕ್ರೇಪರ್ ಇಟ್ಟುಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಅರ್ಧಕ್ಕಿಂತ ಇಳಿಯದಿರಲಿ. ಫೋನಿಗೆ 'ಸ್ನೋ ಸ್ಕ್ವಾಲ್ ವಾರ್ನಿಂಗ್' (ದಿಢೀರನೆ ಬಂದೆರಗುವ ಹಿಮ-ಗಾಳಿಯ ಎಚ್ಚರಿಕೆ) ಬಂದರೆ ಪ್ರಯಾಣ ಮುಂದೂಡಿ. ಈ ಹೊಡೆತ ಹೆಚ್ಚಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ, ಅಷ್ಟು ಹೊತ್ತು ಕಾಯಲಾಗದ ಕೆಲಸ ಎಷ್ಟಿದ್ದೀತು? ಆಗಲೇ ಹೆದ್ದಾರಿಯಲ್ಲಿದ್ದರೆ ಗಕ್ಕನೆ ಬ್ರೇಕ್ ಹಾಕದೆ ವೇಗ ತಗ್ಗಿಸಿ, ಮುಂದಿನ ಎಕ್ಸಿಟ್‌ನಲ್ಲಿ ಇಳಿದುಬಿಡಿ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕಾರು ಬಿಟ್ಟು ನಡೆಯಬೇಡಿ. ಗಂಟೆಗೆ ಸುಮಾರು 10 ನಿಮಿಷ ಎಂಜಿನ್ ಓಡಿಸಿ ಬೆಚ್ಚಗಾಗಿ. ಪ್ರತಿ ಸಲವೂ ಅದಕ್ಕೆ ಮೊದಲು ಕೆಳಗಿಳಿದು ಹೊಗೆಕೊಳವೆಯ ಬಾಯಿ ನೋಡಿ. ಹಿಮ ಮುಚ್ಚಿದ್ದರೆ ವಿಷಾನಿಲ ಒಳಗೇ ತುಂಬುತ್ತದೆ. ಒಂದು ಕಿಟಕಿಯನ್ನು ಸ್ವಲ್ಪ ಇಳಿಸಿಡಿ.

ಬಿರುಗಾಳಿ ದಾಟಿದೊಡನೆ ಆಕಾಶ ತಿಳಿಯಾಗಿ ಬಿಸಿಲು ಹೊಳೆಯಬಹುದು. ಆದರೆ ಹಿಂದೆಯೇ ಆರ್ಕ್ಟಿಕ್ ಗಾಳಿ ಇಳಿದಿರುತ್ತದೆ. ಆ ರಾತ್ರಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಟ್ಟರೆ ಪೈಪು ಒಡೆಯುವ ಭಯ ಕಡಿಮೆ. ಮೈನಸ್ 9 ಡಿಗ್ರಿಗಿಂತ ಕೆಳಗೆ ಮಾಮೂಲಿ ಉಪ್ಪು ಮಂಜುಗಡ್ಡೆಯನ್ನು ಅಷ್ಟಾಗಿ ಕರಗಿಸದು, ಮೆಟ್ಟಿಲಿಗೆ ಮರಳು ಎರಚಿ. ಸಲಿಕೆ ಬಾಗಿಲ ಬಳಿಯೇ ಇರಲಿ. ಕ್ಲಿಪರ್‌ಗಳು ಒಂದರ ಬೆನ್ನಿಗೆ ಇನ್ನೊಂದು ಬರುವುದೂ ಉಂಟು.