ಗ್ರಾಮಫೋನ್ ಪೆಟ್ಟಿಗೆಯ ಮರ: ಮಲೆನಾಡಿನ ಹವೆಯಲ್ಲಿ ನಾವು ಉಳಿಸಿಕೊಂಡ ಬಗೆ

ಮೂಡಿಗೆರೆ ಕಡೆಯ ತೋಟದ ಮನೆಯೊಂದರ ಅಟ್ಟದಿಂದ ಇಳಿಸಿದ ಕಹಳೆ ಗ್ರಾಮಫೋನಿನ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಈ ಕ್ರಮ ಬರೆಯುತ್ತಿದ್ದೇನೆ. ಪಕ್ಕಗಳು ಗಟ್ಟಿ ಓಕ್, ಮೇಲುಹಲಗೆಗೆ ಓಕ್ ವಿನಿಯರ್ (ಅಂಟಿಸಿದ ತೆಳು ಮರದ ಹಾಳೆ), ಮುಂದೆ ಕಹಳೆಗೆ ಕಿವಿಗೊಟ್ಟ ನಾಯಿಯ ಅಚ್ಚು. ವಿನಿಯರ್ ಅಂಚಿನಲ್ಲಿ ಎದ್ದಿತ್ತು, ಬುಡದ ಪಟ್ಟಿಗೆ ಕುಟ್ಟೆ ಹುಳು ಬಿದ್ದಿತ್ತು, ಪಾಲಿಶ್ ಒಣಗಿದ ಕೆರೆಯಂಗಳದ ಹಾಗೆ ಬಿರಿದಿತ್ತು.

ಇಂಥದ್ದನ್ನು ಕಂಡ ಕೂಡಲೇ ಉಪ್ಪುಕಾಗದ ಹಾಕಿ ಕೆರೆದು ಹೊಸ ಪಾಲಿಶ್ ಹೊಡೆಸುವ ಯೋಚನೆ ಬರುತ್ತದೆ. ದಯವಿಟ್ಟು ಬೇಡ. ವಿನಿಯರ್ ಒಂದು ಮಿಲಿಮೀಟರಿಗಿಂತ ತೆಳು. ಮೆಷಿನ್ ಸ್ಯಾಂಡರ್ ಎರಡು ಸಲ ಆಡಿದರೆ ಕೆಳಗಿನ ಬಿಳಿ ಮರ ಕಾಣುತ್ತದೆ, ಅಲ್ಲಿಗೆ ಆ ಪೆಟ್ಟಿಗೆಯ ಕಥೆ ಮುಗಿಯಿತು. ಹಳೇ ಪಾಲಿಶ್ ಹೆಚ್ಚಿನವುಗಳಲ್ಲಿ ಅರಗಿನದು, ಅಂದರೆ ಷೆಲ್ಲಾಕ್. ಅರಗು ಎಷ್ಟು ವರ್ಷವಾದರೂ ಸ್ಪಿರಿಟ್ (ಪಾಲಿಶಿಗೆ ಬಳಸುವ ಡಿನೇಚರ್ಡ್ ಸ್ಪಿರಿಟ್) ತಾಗಿದರೆ ಮತ್ತೆ ಕರಗಿ ಒಂದಾಗುತ್ತದೆ. ನಮ್ಮ ಕೆಲಸವೆಲ್ಲ ನಿಂತಿರುವುದು ಈ ಒಂದು ಗುಣದ ಮೇಲೆ.

ಕೆಲಸಕ್ಕಿಂತ ಮೊದಲು ಕಾಲ ನೋಡಬೇಕು. ಗಾಳಿಯ ತೇವ ನೂರಕ್ಕೆ 85 ಇದ್ದಾಗ ಮರದೊಳಗಿನ ನೀರು ಒಣ ಮರದ ತೂಕದ ನೂರಕ್ಕೆ ಸುಮಾರು 18ಕ್ಕೆ ಏರುತ್ತದೆ. ಗಾಳಿ 50ಕ್ಕೆ ಇಳಿದರೆ ಮರ 9ರ ಹತ್ತಿರ ನಿಲ್ಲುತ್ತದೆ. ಇಷ್ಟರಲ್ಲಿ ಒಂದಡಿ ಅಗಲದ ಹಲಗೆ ಕೆಲವು ಮಿಲಿಮೀಟರ್ ಹಿಗ್ಗಿ ಕುಗ್ಗುತ್ತದೆ. ಅರಸೀಕೆರೆಯಲ್ಲೋ ಕಡೂರಿನಲ್ಲೋ ಚೆನ್ನಾಗಿದ್ದ ಪೆಟ್ಟಿಗೆ ಸಕಲೇಶಪುರಕ್ಕೆ ಬಂದು ಒಂದು ಮಳೆಗಾಲದಲ್ಲೇ ವಿನಿಯರ್ ಬಿಡುವುದು ಇದಕ್ಕೇ. ಜೊತೆಗೆ ತೇವದ ದಿನ ಅರಗು ಹಚ್ಚಿದರೆ ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ನೀರು ಅದರಲ್ಲಿ ಕೂತು ಬೆಳ್ಳಗೆ ಮಂಜು ಕವಿಯುತ್ತದೆ. ಹಾಗಾಗಿ ಅಂಟಿನ ಕೆಲಸ, ಪಾಲಿಶ್ ಎರಡನ್ನೂ ನಾವು ಡಿಸೆಂಬರಿನಿಂದ ಹೂಮಳೆ (ಬೇಸಿಗೆಯ ಮೊದಲಲ್ಲಿ ಕಾಫಿ ಹೂ ಅರಳಿಸುವ ಮಳೆ) ಬೀಳುವ ತನಕ ಮಾತ್ರ ಮಾಡುತ್ತೇವೆ. ಅದೂ ಮಂಜು ಕರಗಿದ ಮೇಲೆ, ಬೆಳಗ್ಗೆ ಹನ್ನೊಂದರಿಂದ ನಾಲ್ಕರೊಳಗೆ. ಐದಾರು ನೂರು ರೂಪಾಯಿಯ ತೇವಮಾಪಕ 65ರ ಮೇಲೆ ತೋರಿಸಿದರೆ ಆ ದಿನ ಡಬ್ಬಿ ಮುಚ್ಚಳ ತೆಗೆಯುವುದಿಲ್ಲ. ಅಟ್ಟದಿಂದ ಇಳಿಸಿದ ಪೆಟ್ಟಿಗೆಯನ್ನು ಬೇಗ ಒಣಗಲಿ ಎಂದು ಕಾಫಿ ಕಣದಲ್ಲಿ ಬಿಸಿಲಿಗೆ ಇಡಬಾರದು. ಮೇಲ್ಮೈ ಮೊದಲು ಕುಗ್ಗಿ ಬಿರಿಯುತ್ತದೆ. ಗಾಳಿಯಾಡುವ ಒಳಕೋಣೆಯಲ್ಲಿ ಎರಡು ಮೂರು ವಾರ ಸುಮ್ಮನೆ ಇಟ್ಟರೆ ಸಾಕು.

ಮೊದಲು ಸ್ಪ್ರಿಂಗ್ ಪೂರ್ತಿ ಬಿಚ್ಚುವ ತನಕ ಮೋಟಾರನ್ನು ಓಡಿಸಿ ನಿಲ್ಲಿಸಿ. ಕೀಲಿ ತುಂಬಿದ ಮೋಟಾರ್ ಬಿಚ್ಚಿದರೆ ಬೆರಳು ಹೋಗುತ್ತದೆ. ಆಮೇಲೆ ಕಹಳೆ, ತೋಳು, ತಟ್ಟೆ, ಮೋಟಾರ್ ತೆಗೆದಿಡಿ. ಪ್ರತಿ ಸ್ಕ್ರೂವನ್ನೂ ಅದರ ಜಾಗ ಗುರುತು ಮಾಡಿದ ರಟ್ಟಿಗೆ ಚುಚ್ಚಿಡಿ, ಒಂದರ ತೂತಿಗೆ ಇನ್ನೊಂದು ಹಾಕಿದರೆ ಹಳೇ ಮರ ಸೀಳುತ್ತದೆ. ತುಕ್ಕು ಹಿಡಿದು ಅಲ್ಲಾಡದ ಸ್ಕ್ರೂವಿನ ತಲೆಗೆ ಕಾದ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ಅರ್ಧ ನಿಮಿಷ ಒತ್ತಿ, ಆರಿದ ಮೇಲೆ ತಿರುಗಿಸಿದರೆ ಬಿಡುತ್ತದೆ.

ಪಾಲಿಶ್ ಯಾವುದೆಂದು ಪೆಟ್ಟಿಗೆಯ ಹಿಂಬದಿ ಕೆಳಮೂಲೆಯಲ್ಲಿ ನೋಡಿ. ಹತ್ತಿಕಡ್ಡಿಯಲ್ಲಿ ಒಂದು ಹನಿ ಸ್ಪಿರಿಟ್ ಇಟ್ಟು ಅರ್ಧ ನಿಮಿಷ ಬಿಟ್ಟು ಮುಟ್ಟಿದಾಗ ಅಂಟಿದರೆ ಅರಗು. ಅಂಟದೆ, ಎನ್.ಸಿ. (ನೈಟ್ರೊಸೆಲ್ಯುಲೋಸ್) ಥಿನ್ನರಿಗೆ ಮಾತ್ರ ಮೆತ್ತಗಾದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಈಚೆಗೆ ಯಾರೋ ಹೊಡೆದ ವಾರ್ನಿಶ್. ಮುಂದೆ ಹೇಳುವ ಪಾಲಿಶ್ ಕ್ರಮ ಲ್ಯಾಕರಿಗೂ ವಾರ್ನಿಶಿಗೂ ಹೊಂದುವುದಿಲ್ಲ.

ಹೊಗೆ, ಗ್ರೀಸಿನ ಜಿಡ್ಡು ತೆಗೆಯಲು ಟರ್ಪೆಂಟೈನ್ ಸಾಕು, ಅದು ಅರಗನ್ನು ಕರಗಿಸುವುದಿಲ್ಲ. ಸೋಪು, ಸೋಡಾ, ಅಮೋನಿಯಾ ಇರುವ ಗಾಜು ತೊಳೆಯುವ ನೀರು ಯಾವುದೂ ಬೇಡ. ಕ್ಷಾರ ಅರಗನ್ನು ತಿನ್ನುತ್ತದೆ. ಅಚ್ಚಿನ ಸುತ್ತ ಅರ್ಧ ಸೆಂಟಿಮೀಟರ್ ಬಿಟ್ಟು ಕೆಲಸ ಮಾಡಿ. ಅಚ್ಚಿನ ಮೇಲೆ ಮೆತ್ತನೆ ಕುಂಚ ಮಾತ್ರ ಆಡಲಿ. ಸ್ಪಿರಿಟ್ ಬಿದ್ದರೆ ಚಿನ್ನದ ಬಣ್ಣ ಬಟ್ಟೆಗೆ ಬರುತ್ತದೆ, ಮತ್ತೆ ಸಿಗುವುದಿಲ್ಲ. ಹಳೇ 78 ತಟ್ಟೆಗಳಲ್ಲೂ (ನಿಮಿಷಕ್ಕೆ 78 ಸುತ್ತು ತಿರುಗುವ ಹಾಡಿನ ರೆಕಾರ್ಡು) ಇದೇ ಅರಗು ಇದೆ, ಸ್ಪಿರಿಟ್ ಡಬ್ಬಿಯನ್ನು ಅವುಗಳಿಂದಲೂ ದೂರ ಇಡಿ. ಓಕ್ ಮೇಲೆ ಉಕ್ಕಿನ ನಾರು ತಿಕ್ಕಬೇಡಿ. ಅದರ ಚೂರು ಮರದ ರಂಧ್ರದಲ್ಲಿ ಉಳಿದು ತೇವ ತಾಗಿದಾಗ ಓಕಿನ ಟ್ಯಾನಿನ್ ಜೊತೆ ಸೇರಿ ಕಪ್ಪು ಚುಕ್ಕಿಯಾಗುತ್ತದೆ.

ಹುಳು ಇನ್ನೂ ಬದುಕಿದೆಯೇ ಎಂದು ತಿಳಿಯಲು ಪೆಟ್ಟಿಗೆಯ ಕೆಳಗೆ ಕಪ್ಪು ಕಾಗದ ಹಾಸಿ. ವಾರದಲ್ಲಿ ಗೋಧಿಹಿಟ್ಟಿನಂಥ ಪುಡಿ ಬಿದ್ದರೆ ಇದೆ ಎಂದೇ ಅರ್ಥ. ಒಂದು ಲೀಟರ್ ಬಿಸಿನೀರಿಗೆ 60 ಗ್ರಾಂ ಬಿಳಿಗಾರ, 40 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಕುಂಚದಲ್ಲಿ ದಿನ ಬಿಟ್ಟು ದಿನ ಎರಡು ಸಲ ಹಚ್ಚಿದೆವು. ಪಾಲಿಶ್ ಇಲ್ಲದ ಒಳಮೈಗೆ, ತಳಕ್ಕೆ ಮಾತ್ರ. ಪಾಲಿಶ್ ಇರುವ ಕಡೆ ಇದು ಒಳಗಿಳಿಯುವುದಿಲ್ಲ. ಸಂದುಗಳನ್ನು ತೋಯಿಸಬಾರದು, ಅಲ್ಲಿರುವ ಹಳೇ ಅಂಟು ನೀರಿಗೆ ಬಿಡುತ್ತದೆ. ನುಸಿಗುಳಿಗೆ ಇಟ್ಟರೆ ಮರದೊಳಗಿನ ಹುಳು ಸಾಯುವುದಿಲ್ಲ. ತೂತುಗಳನ್ನು ತಕ್ಷಣ ಮುಚ್ಚದೆ ಒಂದು ಮಳೆಗಾಲ ಕಳೆಯಲು ಬಿಡಿ. ಹೊಸ ಪುಡಿ ಬರದಿದ್ದರೆ ಬಣ್ಣ ಬೆರೆಸಿದ ಮೇಣ ತುಂಬಿ.

ವಿನಿಯರಿಗೆ ಹಳೇ ಕಾಲದ ಮರವಜ್ರವನ್ನೇ ಬಳಸಿ, ತೊಗಲು ಮೂಳೆ ಕುದಿಸಿ ಮಾಡುವ ಕಾಳಿನ ಅಂಟು ಅದು. ಬಿಳಿ ಅಂಟು ಹಳೇ ಮರವಜ್ರದ ಮೇಲೆ ಸರಿಯಾಗಿ ಕೂರುವುದಿಲ್ಲ, ಮುಂದೆ ಬಿಚ್ಚಲೂ ಬರುವುದಿಲ್ಲ. 50 ಗ್ರಾಂ ಕಾಳನ್ನು 90 ಮಿ.ಲೀ. ತಣ್ಣೀರಲ್ಲಿ ನಾಲ್ಕು ಗಂಟೆ ನೆನೆಸಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಗೆ ಕಾಯಿಸಿ. ಕುದಿಸಿದರೆ ಅಂಟಿನ ಬಲ ಹೋಗುತ್ತದೆ. ಎದ್ದ ವಿನಿಯರ್ ಕೆಳಗಿನ ಧೂಳನ್ನು ಉಗುರುಬೆಚ್ಚಗಿನ ನೀರಿನ ತೆಳು ಕುಂಚದಿಂದ ತೆಗೆದು, ಬಿಸಿ ಅಂಟನ್ನು ತೆಳು ಚಾಕುವಿನಲ್ಲಿ ಒಳಗೆ ತಳ್ಳಿ, ಹೊರಬಂದದ್ದನ್ನು ಕೂಡಲೇ ಒರೆಸಿ. ಮೇಲೆ ಮೇಣದ ಕಾಗದ, ಅದರ ಮೇಲೆ ಸಮತಟ್ಟಾದ ಹಲಗೆ, ಕ್ಲ್ಯಾಂಪ್, 24 ಗಂಟೆ. ಇಸ್ತ್ರಿ ಪೆಟ್ಟಿಗೆ ಬೇಡ, ಆ ಬಿಸಿಗೆ ಅರಗು ಮೆತ್ತಗಾಗಿ ಕಾಗದಕ್ಕೆ ಹತ್ತುತ್ತದೆ.

ಹಾರಿಹೋದ ಚೂರಿಗೆ ತೇಪೆ ಹಾಕುವಾಗ ನಮ್ಮ ಕಡೆ ಎಲ್ಲರೂ ತೋಟದ ಸಿಲ್ವರ್ ಓಕ್ ತರುತ್ತಾರೆ. ಹೆಸರಲ್ಲಿ ಓಕ್ ಇದ್ದರೂ ಅದು ಬೇರೆಯೇ ಕುಲದ ಮರ. ಸೀಳಿದಾಗ ಓಕಿನಂಥ ಹೊಳೆಯುವ ಚಕ್ಕೆ ಕಾಣುತ್ತದೆ ನಿಜ, ಆದರೆ ಓಕಿನ ಉದ್ದುದ್ದ ರಂಧ್ರ ಅದಕ್ಕಿಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಹಿಂಬದಿಗೆ ಆದೀತು. ಮುಂದಕ್ಕೆ ಓಕ್ ವಿನಿಯರ್ ಚೂರನ್ನೇ ಹುಡುಕಬೇಕು.

ಇನ್ನು ಪಾಲಿಶ್. 100 ಮಿ.ಲೀ. ಸ್ಪಿರಿಟಿಗೆ 12 ಗ್ರಾಂ ಅರಗಿನ ಚಕ್ಕೆ ಹಾಕಿ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಬಿಡಿ. ಕಬ್ಬಿಣದ ಡಬ್ಬಿಯಲ್ಲಿ ಅರಗು ಕಪ್ಪಾಗುತ್ತದೆ. ಮರುದಿನ ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತಾರೀಖು ಬರೆಯಿರಿ. ಆರು ತಿಂಗಳು ದಾಟಿದ್ದು ಹಚ್ಚಿದರೆ ಅಂಟಂಟಾಗಿಯೇ ಉಳಿಯುತ್ತದೆ. ಸ್ಪಿರಿಟಿನಲ್ಲಿ ವಿಷವಿದೆ, ಬೆಂಕಿಯೂ ಬೇಗ ಹತ್ತುತ್ತದೆ. ಕೈಗವಸು ಹಾಕಿ, ಕಿಟಕಿ ತೆಗೆದಿಡಿ, ಒಲೆ ಇರುವ ಕಡೆ ಬೇಡ.

ಹತ್ತಿಯ ಉಂಡೆಯನ್ನು ಒಗೆದು ಸವೆದ ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿದರೆ ಪ್ಯಾಡ್ ಆಯಿತು. ಬಿರುಕು ಕೂಡಿಸಲು ಮೂರು ಪಾಲು ಸ್ಪಿರಿಟ್, ಒಂದು ಪಾಲು ಮೇಲಿನ ಅರಗು. ಪ್ಯಾಡನ್ನು ಅಂಗೈಗೆ ಒತ್ತಿದರೆ ತಣ್ಣಗೆ ಅನ್ನಿಸಬೇಕು, ಒದ್ದೆಯಾಗಬಾರದು. ಮರದ ಎಳೆಯುದ್ದಕ್ಕೂ ವಿಮಾನ ಇಳಿದು ಏರುವ ಹಾಗೆ ಸವರಿಕೊಂಡು ಹೋಗಿ. ನಡುವೆ ಕೈ ನಿಂತರೆ ಅಲ್ಲೇ ಪಾಲಿಶ್ ಕಿತ್ತು ಬರುತ್ತದೆ. ಪ್ರತಿ ಸುತ್ತಿಗೂ ಹತ್ತು ನಿಮಿಷ ಬಿಡುವು, ದಿನಕ್ಕೆ ನಾಲ್ಕೈದು ಸುತ್ತು ಮಾತ್ರ. ಮೂರನೇ ದಿನಕ್ಕೆ ಬಿರುಕುಗಳು ಕೂಡಿಕೊಂಡು ಓಕಿನ ಚಕ್ಕೆಗಳು ಹಳೇ ಜೇನಿನ ಬಣ್ಣದಲ್ಲಿ ಮೇಲೆದ್ದು ಬರುವುದನ್ನು ನೋಡಬೇಕು! ಆಮೇಲೆ ಬೆರೆಸದ ಅರಗಿನಲ್ಲಿ ಆರೇಳು ಸುತ್ತು. ಪ್ಯಾಡ್ ಜಗ್ಗಿದರೆ ಒಂದೇ ಒಂದು ಹನಿ ಎಣ್ಣೆ. ಪಾಲಿಶ್ ಮೇಲೆ ಬೆಳ್ಳಗೆ ಮಂಜು ಕವಿದರೆ ಹೆದರಬೇಡಿ. ಒಣ ದಿನ ಬರೀ ಸ್ಪಿರಿಟ್ ತಾಗಿಸಿದ, ಬಹುತೇಕ ಒಣಗಿದ ಪ್ಯಾಡ್ ಸವರಿದರೆ ಹೋಗುತ್ತದೆ.

ಎರಡು ವಾರ ಗಟ್ಟಿಯಾಗಲು ಬಿಟ್ಟು ಮೇಣ ಹಚ್ಚಿ. 100 ಗ್ರಾಂ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯಲ್ಲಿ ಕರಗಿಸಿ, ಒಲೆಯಿಂದ ದೂರ ತಂದು 300 ಮಿ.ಲೀ. ಟರ್ಪೆಂಟೈನ್ ಬೆರೆಸಿದರೆ ಹಲವು ವರ್ಷಕ್ಕಾಗುತ್ತದೆ. ತೆಳುವಾಗಿ ಸವರಿ, ಕಾಲು ಗಂಟೆ ಬಿಟ್ಟು ಉಜ್ಜಿ. ವರ್ಷಕ್ಕೆ ಒಂದೇ ಸಲ. ಹಾಸನದ ಕಡೆ ಮರಕ್ಕೆಲ್ಲ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ಇದೆ. ಅದು ಒಣಗುವ ಎಣ್ಣೆಯಲ್ಲ, ಧೂಳು ಕೂತು ಕಮಟು ವಾಸನೆ ಹಿಡಿಯುತ್ತದೆ. ಅಗಸೆ ಎಣ್ಣೆ ಒಣಗುತ್ತದೆ, ಆದರೆ ಮರವನ್ನು ಕಪ್ಪು ಮಾಡುತ್ತದೆ; ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬೆಂಕಿ ಹತ್ತಿಕೊಳ್ಳಬಹುದು.

ಮಳೆಗಾಲಕ್ಕೆ ಪೆಟ್ಟಿಗೆಯನ್ನು ಮಳೆ ಹೊಡೆಯುವ ಗೋಡೆಯಿಂದ ಒಂದು ಗೇಣು ಈಚೆಗೆ, ನೆಲದಿಂದ ಮೇಲೆ ಇಡಿ. ಹೊದಿಕೆ ಹತ್ತಿ ಬಟ್ಟೆಯದಿರಲಿ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ಬೆವರಿ ಬೂಷ್ಟು ಬೆಳೆಯುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ವಾರಕ್ಕೊಮ್ಮೆ ಮುಚ್ಚಳ ತೆಗೆದು ಒಳಗೆ ಕೈಯಾಡಿಸಿ ನೋಡಿ. ಬೂಷ್ಟು ಬಂದಿದ್ದರೆ ಒಣ ಬಟ್ಟೆಯಲ್ಲಿ ಮನೆಯ ಹೊರಗೆ ಒರೆಸಿ, ಕಪ್ಪು ಕಾಗದವನ್ನೂ ಬದಲಿಸಿ.