ಸ್ಟಿಕ್ಕರ್ ಕಂಪನಿಯದ್ದು, ಬ್ರೇಕ್ ನಮ್ಮದು

ನನ್ನ ಹತ್ತಿರ ಮೂರು ಗಾಡಿ ಉಂಟು. ಎರಡು ಟಾಟಾ ಏಸ್, ಒಂದು ಪಿಕಪ್. ಮೂರೂ ಕೆಎಲ್ 14, ಅಂದರೆ ಕಾಸರಗೋಡಿನ ನಂಬರ್. ಕಾಸರಗೋಡಿನ ಗೋಡೌನಿನಲ್ಲಿ ಪಾರ್ಸೆಲ್ ತುಂಬಿಸಿಕೊಂಡು ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಹಂಚುವುದು ನಮ್ಮ ಕೆಲಸ. ಕಂಪನಿ ಒಬ್ಬರಿಗೆ ಕಾಂಟ್ರಾಕ್ಟ್ ಕೊಡುತ್ತದೆ, ಅವರು ಇನ್ನೊಬ್ಬರಿಗೆ, ಅವರು ನನಗೆ. ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ದುಡ್ಡು ತೆಳುವಾಗುತ್ತದೆ, ಜವಾಬ್ದಾರಿ ದಪ್ಪ ಆಗುತ್ತದೆ.

ನಮ್ಮೂರಿನ ಇಬ್ಬರು ಹುಡುಗರು ಮೊನ್ನೆ ಕೇಳಿದರು, "ಅಣ್ಣ, ಸೆಕೆಂಡ್ ಹ್ಯಾಂಡ್ ಏಸ್ ತೆಗೆದು ನಾವೂ ಸೇರಬೇಕು ಅಂತ ಉಂಟು. ಎಂತ ಎಲ್ಲ ನೋಡಬೇಕು?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮೊದಲು ಬ್ರೇಕ್. ಅದರ ಪಾಠ ನನಗೆ ಪೆರ್ಲದ ಹತ್ತಿರದ ಒಂದು ಇಳಿಜಾರಿನಲ್ಲಿ ಆಗಿದೆ.

ಜೂನ್ ತಿಂಗಳು, ಪಿಕಪ್ ತುಂಬ ಲೋಡ್. ಡ್ರೈವರ್ ರಜೆ ಹಾಕಿದ್ದ, ನಾನೇ ಬಿಡುತ್ತಿದ್ದೆ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದೆ. ಅರ್ಧಕ್ಕೆ ಬರುವಾಗ ಪೆಡಲ್ ಹಿಟ್ಟಿನ ಹಾಗೆ ಮೆತ್ತಗಾಯಿತು, ಮತ್ತೆ ಸೀದಾ ನೆಲಕ್ಕೆ ಹೋಯಿತು. ಮೂರನೇ ಗೇರ್, ಎರಡನೇ ಗೇರ್, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪ ಎಳೆದು, ಕೊನೆಗೆ ಎಡಗಡೆಯ ಮಣ್ಣಿನ ಬರೆಗೆ ತಾಗಿಸಿ ನಿಲ್ಲಿಸಿದೆ. ಮೇಲಿನವರಿಗೆ ಫೋನ್ ಮಾಡಿದರೆ ಬಂದ ಮೊದಲ ಪ್ರಶ್ನೆ, "ಪಾರ್ಸೆಲ್ ಡ್ಯಾಮೇಜ್ ಆಯ್ತಾ?" ನನಗೆ ಎಂತ ಆಯಿತು ಅಂತ ಎರಡನೆಯದಾಗಿಯೂ ಕೇಳಲಿಲ್ಲ.

ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಒಂದು ಬಾಟಲಿಗೆ ಬ್ರೇಕ್ ಆಯಿಲ್ ಇಳಿಸಿ ತೋರಿಸಿದರು. ಕಟ್ಟಂಕಾಪಿಯ, ಅಂದರೆ ಹಾಲು ಹಾಕದ ಕಾಫಿಯ ಬಣ್ಣ. ನಾನು ಮೂರು ವರ್ಷದಿಂದ ಬದಲಿಸಿರಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಅನ್ನುವ ದರ್ಜೆಯ ಬ್ರೇಕ್ ಆಯಿಲ್ ಹೊಸತಿರುವಾಗ 230 ಡಿಗ್ರಿ ತನಕ ಕುದಿಯಬಾರದು. ನೀರು ಸೇರಿದ ಮೇಲೆ ಆ ಲೆಕ್ಕ 155 ಡಿಗ್ರಿಗೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದರೆ ಆಯಿಲ್ ಕುದಿದು ಗುಳ್ಳೆ ಏಳುತ್ತದೆ. ಆಮೇಲೆ ಕಾಲು ಗುಳ್ಳೆಯನ್ನು ಒತ್ತುತ್ತದೆ, ಚಕ್ರಕ್ಕೆ ಬಲ ಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಹತ್ತಿರ ಮಳೆ. ತೇವಕ್ಕೆ ಬರಗಾಲವೇ ಇಲ್ಲ. ಹಾಗಾಗಿ ಎರಡು ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಪೂರ್ತಿ ಬದಲಿಸಿ. ಮೇಲಿನಿಂದ ಸುಮ್ನೆ ಟಾಪ್ ಅಪ್ ಮಾಡಿದರೆ ಸಾಲದು. ಆಯಿಲ್ ಮಟ್ಟ ಇಳಿಯುತ್ತಾ ಬಂದರೆ ಪ್ಯಾಡ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಟಾಪ್ ಅಪ್ ಮಾಡಿದರೆ ಆ ಸೂಚನೆಯೇ ಮುಚ್ಚಿಹೋಗುತ್ತದೆ.

ಬೆಳಿಗ್ಗೆ ಒಂದು ನಿಮಿಷದ ಪರೀಕ್ಷೆ ಉಂಟು. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ನಾಲ್ಕೈದು ಸಲ ಬ್ರೇಕ್ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಹೋದರೆ ಬೂಸ್ಟರ್, ಅಂದರೆ ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಭಾಗ, ಸರಿ ಇದೆ. ಹಾಗೆಯೇ ಇನ್ನು ಅರ್ಧ ನಿಮಿಷ ಹಿಡಿಯಿರಿ. ಪೆಡಲ್ ಮೆಲ್ಲ ಮೆಲ್ಲ ಇಳಿಯುತ್ತಾ ಹೋದರೆ ಗಾಡಿ ತೆಗೆಯಬೇಡಿ, ಯಾರು ಫೋನ್ ಮಾಡಿದರೂ ತೆಗೆಯಬೇಡಿ. ಆಮೇಲೆ ಟಾರ್ಚ್ ಹಿಡಿದು ಹಿಂದಿನ ಚಕ್ರಗಳ ಒಳಬದಿ ನೋಡಿ. ಅಲ್ಲಿ ಒದ್ದೆ ಕಂಡರೆ ವೀಲ್ ಸಿಲಿಂಡರ್, ಅಂದರೆ ಆಯಿಲಿನ ಒತ್ತಡದಿಂದ ಚಕ್ರದ ಬ್ರೇಕ್ ಹಿಡಿಸುವ ಭಾಗ, ಸೋರುತ್ತಿದೆ. ನನ್ನ ಗಾಡಿಯಲ್ಲಿ ಅದೂ ಇತ್ತು. ಏರ್ ಬ್ರೇಕ್ ಇರುವ ದೊಡ್ಡ ಗಾಡಿಯಾದರೆ ದಿನಾ ಗಾಳಿಯ ಟ್ಯಾಂಕಿನಲ್ಲಿ ಸೇರಿದ ನೀರು ಹೊರಗೆ ಬಿಡಬೇಕು.

ಇಳಿಜಾರಿನಲ್ಲಿ ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರು ಇದ್ದಾರೆ. ಅವರಿಗೆ ನನ್ನ ಗಾಡಿ ಕೊಡುವುದಿಲ್ಲ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ನೀರು ನಿಂತ ರಸ್ತೆ ದಾಟಿದ ಮೇಲೆ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಿ.

ಇನ್ನು ಟಯರ್. ಅದರ ಬದಿಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿ ತೆಗೆಯುವಾಗ ಮೀಟರಿಗಿಂತ ಮೊದಲು ಇದನ್ನು ನೋಡಿ. ಮೀಟರ್ ತಿರುಗಿಸುತ್ತಾರೆ, ಟಯರಿನ ಅಚ್ಚನ್ನು ತಿರುಗಿಸಲು ಆಗುವುದಿಲ್ಲ. ನಾಲ್ಕು ಚಕ್ರದ ಗಾಡಿಗೆ ಟಯರಿನ ಮೇಲ್ಮೈಯ ಗೀರಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕು ಅಂತ ನಿಯಮ. ಆ ಗೀರಿನ ಒಳಗೆ ಸಣ್ಣ ದಿಣ್ಣೆ ಇರುತ್ತದಲ್ವಾ, ಟಯರ್ ಅದರ ಮಟ್ಟಕ್ಕೆ ಸವೆದರೆ ಕಥೆ ಮುಗಿಯಿತು. ನಾನು ಮಳೆಗಾಲಕ್ಕೆ 3 ಮಿಲಿಮೀಟರ್‌ಗೇ ಬದಲಿಸುತ್ತೇನೆ. ರೀಟ್ರೆಡ್, ಅಂದರೆ ಸವೆದದ್ದಕ್ಕೆ ಹೊಸ ರಬ್ಬರ್ ಹಾಕಿದ ಟಯರನ್ನು ಮುಂದಿನ ಚಕ್ರಕ್ಕೆ ಹಾಕುವುದೇ ಇಲ್ಲ. ಮಳೆಗೆ ಗಾಳಿ ಕಡಿಮೆ ಮಾಡಿದರೆ ಹಿಡಿತ ಜಾಸ್ತಿ ಅಂತ ಹೇಳುವವರನ್ನು ನಂಬಬೇಡಿ. ಗಾಳಿ ಕಡಿಮೆಯಾದರೆ ಟಯರ್ ನೀರಿನ ಮೇಲೆ ಬೇಗ ತೇಲುತ್ತದೆ. ಬಾಗಿಲಿನ ಹತ್ತಿರ ಬರೆದ ಲೆಕ್ಕದಷ್ಟೇ ಹಾಕಿ, ಅದೂ ಬೆಳಿಗ್ಗೆ ಟಯರ್ ತಣ್ಣಗಿರುವಾಗ. ಚಕ್ರ ಬಿಚ್ಚಿ ಹಾಕಿಸಿದರೆ 50 ಕಿಲೋಮೀಟರ್ ಓಡಿದ ಮೇಲೆ ನಟ್ಟು ಮತ್ತೊಮ್ಮೆ ಬಿಗಿ ಮಾಡಿ. ನಟ್ಟಿಗೂ ಡಿಸ್ಕಿಗೂ ಸೇರಿಸಿ ಬಿಳಿ ಪೈಂಟಿನ ಗೆರೆ ಎಳೆದಿಟ್ಟರೆ, ಸಡಿಲಾದದ್ದು ದೂರದಿಂದಲೇ ಕಾಣುತ್ತದೆ.

ಲೋಡಿನ ಲೆಕ್ಕ ಆರ್‌ಸಿಯಲ್ಲೇ ಉಂಟು. ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ, ಡ್ರೈವರ್ ಮತ್ತು ಹೆಲ್ಪರಿನ ತೂಕವನ್ನೂ ಕಳೆಯಿರಿ. ಉಳಿದದ್ದು ನಿಮ್ಮದು. ಪಾರ್ಸೆಲ್ ಹಗುರ, ಅದರಲ್ಲಿ ತೊಂದರೆ ಕಡಿಮೆ. ತೊಂದರೆ ಬರುವುದು ವಾಪಸ್ ಬರುವಾಗ ಡ್ರೈವರ್ ಹಿಡಿಯುವ ಅಡಿಕೆ ಬಾಡಿಗೆಯಲ್ಲಿ. ಒಂದೊಂದು ಗೋಣಿ 60 ಕೆಜಿ ಮೇಲೆ. ಹನ್ನೆರಡು ಹಾಕಿದರೆ ಏಸ್‌ನ ಲೆಕ್ಕ ಮುಗಿಯಿತು, ಇಪ್ಪತ್ತು ಹಾಕಿಕೊಂಡು ಬಂದ ಪುಣ್ಯಾತ್ಮನನ್ನು ನಾನು ನೋಡಿದ್ದೇನೆ. 2019ರ ತಿದ್ದುಪಡಿಯ ನಂತರ ಕೇಂದ್ರ ಕಾಯ್ದೆಯಲ್ಲಿ ಓವರ್‌ಲೋಡಿಗೆ ಬರೆದ ದಂಡ 20,000 ರೂಪಾಯಿ, ಜಾಸ್ತಿಯಾದ ಪ್ರತಿ ಟನ್ನಿಗೆ ಮತ್ತೆ 2,000. ಭಾರದ ಸಾಮಾನು ಕೆಳಗೆ, ಕ್ಯಾಬಿನ್ನಿಗೆ ಒತ್ತಿಕೊಂಡು ಇರಲಿ. ನೋಡಲು ಎಲ್ಲಕ್ಕಿಂತ ಸಣ್ಣದಾಗಿ ಕಾಣುವ ಅಪಾಯ ಕ್ಯಾಬಿನ್ನಿನ ಒಳಗೇ ಉಂಟು. ಡ್ರೈವರಿನ ಕಾಲ ಬುಡದಲ್ಲಿ ಉರುಳುವ ನೀರಿನ ಬಾಟಲಿ! ಬ್ರೇಕ್ ಪೆಡಲಿನ ಅಡಿಗೆ ಹೋದರೆ ದೇವರೇ ಗತಿ. ನಾನು ಮೂರೂ ಗಾಡಿಯಲ್ಲಿ ಬಾಟಲಿಗೆ ಒಂದೊಂದು ಬಟ್ಟೆ ಚೀಲ ತೂಗು ಹಾಕಿದ್ದೇನೆ.

ಮನೆಗಳಿಗೆ ಹೋಗುವ ರಸ್ತೆ ಇಕ್ಕಟ್ಟು, ಏರು ತಗ್ಗು ಬೇರೆ. ರಿವರ್ಸ್ ತೆಗೆಯುವಾಗ ಹೆಲ್ಪರ್ ಇಳಿದು ಹಿಂದೆ ನಿಲ್ಲಲೇಬೇಕು. ಪಾರ್ಸೆಲ್ ಬಂತು ಅಂತ ಮಕ್ಕಳು ಓಡಿ ಬರುತ್ತಾರೆ. ಏರಿನಲ್ಲಿ ನಿಲ್ಲಿಸಿದರೆ ಹ್ಯಾಂಡ್ ಬ್ರೇಕ್, ಗೇರ್, ಚಕ್ರಕ್ಕೆ ಅಡ್ಡ ಮರದ ತುಂಡು, ಮೂರೂ ಬೇಕು. ದಾರಿಯ ಕೆಂಪುಕಲ್ಲು ಹೆಕ್ಕಿ ಇಟ್ಟು, ಹೋಗುವಾಗ ಅಲ್ಲೇ ಬಿಡುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ರಾತ್ರಿ ಬೈಕಿನಲ್ಲಿ ಬರುವವ ಅದಕ್ಕೆ ಹೊಡೆಯುತ್ತಾನೆ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಗಾಡಿಗೆ ಎಂಟು ವರ್ಷ ಆಗುವ ತನಕ ಫಿಟ್‌ನೆಸ್ ಸರ್ಟಿಫಿಕೇಟ್ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಒಟ್ಟು ತೂಕ 3,000 ಕೆಜಿ ಮೀರದ ಗಾಡಿಗೆ ಪರ್ಮಿಟ್ ಬೇಡ. ಅದಕ್ಕಿಂತ ದೊಡ್ಡದಾಗಿ ತಲಪಾಡಿಯ ಗಡಿ ದಾಟಿ ಕರ್ನಾಟಕಕ್ಕೆ ಹೋಗುವುದಾದರೆ ನ್ಯಾಷನಲ್ ಪರ್ಮಿಟ್ ವಿಚಾರಿಸಿ. ಕಾರಿನ ಲೈಸೆನ್ಸ್ ಇದ್ದವರು 7,500 ಕೆಜಿ ಒಳಗಿನ ಸಾಗಾಟದ ಗಾಡಿ ಬಿಡಬಹುದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಾಡಿಯ ಮೇಲೆ ಯಾವ ಕಂಪನಿಯ ಸ್ಟಿಕ್ಕರ್ ಇದ್ದರೂ ಪೊಲೀಸರು ಮೊದಲು ಕರೆಯುವುದು ಆರ್‌ಸಿಯಲ್ಲಿ ಹೆಸರಿದ್ದವರನ್ನು. ಅದಕ್ಕೇ ಸ್ಟೇರಿಂಗ್ ಹತ್ತಿರ ದಾರ ಕಟ್ಟಿದ ಒಂದು ನೋಟ್‌ಬುಕ್ ಇಡಿ. ತಾರೀಕು, ಕಿಲೋಮೀಟರ್, ಬ್ರೇಕ್, ಟಯರ್, ಲೈಟ್, ವೈಪರ್, ಡ್ರೈವರಿನ ಸಹಿ. ಬಿಲ್ಲುಗಳು ಪ್ಲಾಸ್ಟಿಕ್ ಕವರಿನಲ್ಲಿ ಇರಲಿ.

ಇಷ್ಟೆಲ್ಲಕ್ಕೆ ದುಡ್ಡು ಎಲ್ಲಿಂದ? ನಾನು ಕಿಲೋಮೀಟರಿಗೆ 2 ರೂಪಾಯಿ ತೆಗೆದಿಡುತ್ತೇನೆ. ದಿನಕ್ಕೆ 120 ಕಿಲೋಮೀಟರ್, 26 ದಿನ, ತಿಂಗಳಿಗೆ 6,240 ರೂಪಾಯಿ. ಅದು ಬೇರೆ ಖಾತೆ, ಮದುವೆಗೂ ಮುಟ್ಟುವುದಿಲ್ಲ. ಈ 2 ರೂಪಾಯಿ ತೆಗೆದ ಮೇಲೆ ಏನೂ ಉಳಿಯುವುದಿಲ್ಲ ಅಂತಾದರೆ ಆ ರೇಟಿಗೆ ಒಪ್ಪಬೇಡಿ. ಕರಾರಿನಲ್ಲಿ ಎರಡು ಮಾತು ಬರೆಸಿಕೊಳ್ಳಿ: ಗಾಡಿ ರಿಪೇರಿಗೆ ನಿಂತ ದಿನ ದಂಡ ಇಲ್ಲ, ಡ್ರೈವರಿಗೆ ಊಟದ ಬಿಡುವು ಉಂಟು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆಯಲ್ಲೇ ದಿನಕ್ಕೆ 8 ಗಂಟೆ, 5 ಗಂಟೆ ದುಡಿದರೆ ಅರ್ಧ ಗಂಟೆ ವಿಶ್ರಾಂತಿ ಅಂತ ಬರೆದಿದ್ದರು. ನಮ್ಮ ಹುಡುಗರು ಒಂದು ಕೈಯಲ್ಲಿ ಬನ್ಸ್, ಇನ್ನೊಂದು ಕೈಯಲ್ಲಿ ಸ್ಟೇರಿಂಗ್ ಹಿಡಿಯುತ್ತಾರೆ.

ಆ ಇಬ್ಬರು ಹುಡುಗರು ಉಪ್ಪಳದಲ್ಲಿ ಒಂದು ಏಸ್ ನೋಡಿಟ್ಟಿದ್ದಾರಂತೆ. ಆದಿತ್ಯವಾರ ನನ್ನನ್ನೂ ಕರೆದಿದ್ದಾರೆ. ಪೈಂಟ್ ಹೊಸತು, ಒಳಗೆ ಒಳ್ಳೆ ಸ್ಪೀಕರ್ ಉಂಟು ಅಂತ ಖುಷಿಯಲ್ಲಿ ಹೇಳಿದರು. ನಾನು ಟಾರ್ಚು, ಒಂದು ಹಳೆ ಲುಂಗಿ ತೆಗೆದಿಟ್ಟಿದ್ದೇನೆ. ಲುಂಗಿ ನೆಲಕ್ಕೆ ಹಾಸಿ ಹಿಂದಿನ ಚಕ್ರದ ಅಡಿಗೆ ನುಗ್ಗಿ ನೋಡಿದ ಮೇಲೆಯೇ ಸ್ಪೀಕರ್ ಕೇಳುವುದು.